ಕಲ್ಲು, ಹಳ್ಳ ಮತ್ತು ಮೀನು: ಭೂಗರ್ಭರಚನೆಯಿಂದ ಹೊಸ ಮೀನುಜಾತಿಗಳು ಹುಟ್ಟುವ ಬಗೆ

(ರೋಣ, ನರಗುಂದ ಮತ್ತು ಗಜೇಂದ್ರಗಡ ಸೀಮೆಗಳ ಗ್ರಾಮಮುಖಂಡರ ಹಾಗೂ ಜಮೀನುದಾರರ ತಿಳಿವಳಿಕೆಗಾಗಿ)

ಒಕ್ಕಲಿಗನು ತನ್ನ ಹೊಲದ ಮಣ್ಣನ್ನು ನೋಡಿ ಬೆಳೆಯನ್ನು ಗೊತ್ತುಮಾಡುತ್ತಾನೆ. ಎರೆಯಲ್ಲಿ ಬಿಳಿಜೋಳ, ಹತ್ತಿ, ಕಡಲೆ. ಮಸಾರಿಯಲ್ಲಿ ಸಜ್ಜೆ, ಶೇಂಗಾ, ಹುರುಳಿ. ಮಣ್ಣಾದರೋ ಕಲ್ಲು ಕೊಳೆತು ಆದದ್ದು. ಆದುದರಿಂದ ಕಲ್ಲು ಬೇರೆಯಾದಲ್ಲಿ ಮಣ್ಣೂ, ಮಣ್ಣು ಬೇರೆಯಾದಲ್ಲಿ ಬೆಳೆಯೂ ಬೇರೆಯಾಗುವುದೆಂಬ ಸಂಗತಿಯು ಈ ಸೀಮೆಯ ಯಾವ ರೈತನಿಗೂ ಹೊಸದಲ್ಲ. ಆದರೆ ಹಳ್ಳದ ನೀರಿನಲ್ಲಿ ಆಡುವ ಮೀನೂ ಹಾಗೆಯೇ ಕಲ್ಲಿಗೆ ಅಧೀನವಾದುದೆಂಬುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಯಾವ ಹೊಳೆಯಲ್ಲಿ ಯಾವ ಮೀನು ಇರಬೇಕು, ಯಾವುದು ಇರಕೂಡದು, ಒಂದು ಜಾತಿಯ ಮೀನು ಕಾಲಾಂತರದಲ್ಲಿ ಎರಡು ಜಾತಿಗಳಾಗಬೇಕೆ ಎಂಬುದನ್ನು ಬಹುಮಟ್ಟಿಗೆ ನೆಲದ ರಚನೆಯೇ ನಿರ್ಣಯಿಸುವುದು.

ಕೆರೆಗೆ, ಕೃಷಿಹೊಂಡಕ್ಕೆ ಮೀನುಮರಿ ಬಿಡುವ ಉದ್ಯೋಗವು ಹಳ್ಳಿಗಳಲ್ಲಿ ಹರಡುತ್ತಿರುವ ಕಾಲದಲ್ಲಿ ಈ ವಿಷಯವನ್ನು ಅರಿಯುವುದು ಅವಶ್ಯವಾಗಿದೆ. ನೆಲವು ಲಕ್ಷಾಂತರ ವರ್ಷಗಳಲ್ಲಿ ಬೇರ್ಪಡಿಸಿದುದನ್ನು ಮನುಷ್ಯನು ಒಂದು ಕೊಡದ ನೀರಿನಿಂದ ಒಂದೇ ದಿನದಲ್ಲಿ ಬೆರೆಸಿಬಿಡಬಲ್ಲನು. ಬೆರೆಸಿದುದನ್ನು ಮತ್ತೆ ಬೇರೆ ಮಾಡುವುದು ಯಾರಿಂದಲೂ ಆಗದು.

ಈ ಸೀಮೆಯ ಕಲ್ಲು ಮತ್ತು ನೀರು

ಈ ಭಾಗದ ಭೂಗರ್ಭವನ್ನು ಮೊದಲು ಕ್ರಮವಾಗಿ ಅಳೆದು ಬರೆದವನು ರಾಬರ್ಟ್ ಬ್ರೂಸ್ ಫೂಟ್ ಎಂಬ ವಿದ್ವಾಂಸನು. ದಕ್ಷಿಣ ಮರಾಠಾ ಸೀಮೆಯನ್ನು ಕುರಿತ ಆತನ ಗ್ರಂಥವು ೧೮೭೬ರಲ್ಲಿ ಪ್ರಕಟವಾಯಿತು. ಸ್ಥೂಲವಾಗಿ ಹೇಳುವುದಾದರೆ ಇಲ್ಲಿನ ನೆಲವು ಮೂರು ಪದರಗಳದ್ದು. ಎಲ್ಲಕ್ಕೂ ಅಡಿಯಲ್ಲಿ ೨೫೦ ಕೋಟಿ ವರ್ಷಗಳಿಗೂ ಹಿಂದಿನ ಗಟ್ಟಿಯಾದ ಹಳೆಯ ಶಿಲೆಗಳಿವೆ. ಅವುಗಳ ಮೇಲೆ ಬಾದಾಮಿಯಿಂದ ಗಜೇಂದ್ರಗಡದ ಕಡೆಗೆ ಹಬ್ಬಿರುವ ಮರಳುಗಲ್ಲಿನ ಪದರ. ಈ ಮರಳುಗಲ್ಲು, ಮೀನು ಎಂಬ ಪ್ರಾಣಿಯು ಭೂಮಿಯ ಮೇಲೆ ಹುಟ್ಟುವುದಕ್ಕೂ ಮೊದಲೇ ನೀರಿನ ತಳದಲ್ಲಿ ಮರಳಾಗಿ ಕೂತು ಗಟ್ಟಿಯಾದುದು. ಇವೆಲ್ಲ ಸವೆದು, ಕೊಳೆತು, ಹೊಳೆಹಳ್ಳಗಳು ತಂದು ಹಾಸಿದ ಎರೆಮಣ್ಣು ಮೂರನೆಯದು. ರೋಣ, ನರಗುಂದಗಳ ಬಯಲೆಲ್ಲ ಇದರಿಂದಲೇ ಆದದ್ದು. ಆ ಬಯಲಿನ ನಡುವೆ ನರಗುಂದದ ಗುಡ್ಡವು ಒಂಟಿಯಾಗಿ ನಿಂತಿರುವುದನ್ನು ನೋಡಿದರೆ, ಸುತ್ತಲಿನ ಮೆತ್ತನೆಯ ಭಾಗವೆಲ್ಲ ಸವೆದುಹೋಗಿ ಗಟ್ಟಿಯಾದುದು ಮಾತ್ರ ಉಳಿದಿದೆಯೆಂದು ತಿಳಿಯುವುದು.

ಕಲ್ಲು ಮೂರು ಬಗೆಯಾದಂತೆ ನೀರೂ ಬೇರೆಬೇರೆ ಬಗೆಯಾಗಿದೆ. ಎರೆಯ ಬಯಲಿನಲ್ಲಿ ಹರಿಯುವ ಬೆಣ್ಣೆಹಳ್ಳದಂತಹ ಹಳ್ಳಗಳು ಮಳೆ ಬಿದ್ದೊಡನೆ ಕದಡಿ ಕಪ್ಪಾಗುತ್ತವೆ, ಬೇಸಗೆಯಲ್ಲಿ ಮಡುಗಳಾಗಿ ಒಡೆದು ನಿಲ್ಲುತ್ತವೆ, ಕೆಲವೆಡೆ ಸವುಳಾಗಿಯೂ ಇರುತ್ತವೆ. ಅವುಗಳ ತಳವು ಕೆಸರು. ಮರಳುಗಲ್ಲಿನ ಗುಡ್ಡದ ಕೊರಕಲುಗಳಲ್ಲಾದರೋ ತಳವು ಹರಳು ಮತ್ತು ಬಂಡೆ, ನೀರು ತಿಳಿ. ಮರಳುಗಲ್ಲು ಮಳೆಯ ನೀರನ್ನು ತನ್ನ ಬಿರುಕುಗಳಲ್ಲಿ ಹೀರಿಕೊಂಡು ಮೆಲ್ಲಮೆಲ್ಲನೆ ಹೊರಬಿಡುವುದು. ಗಜೇಂದ್ರಗಡದ ಕಾಲಕಾಲೇಶ್ವರ ದೇವಸ್ಥಾನದ ಅಂತರಗಂಗೆಯಲ್ಲಿ ವರ್ಷವಿಡೀ ನೀರು ಒಸರುವುದಕ್ಕೆ ಕಾರಣವು ಇದೇ. ಹೀಗೆ ಕೆಲವೇ ಹರಿದಾರಿಗಳ ಅಂತರದಲ್ಲಿ ಕೆಸರಿನ ಕದಡುನೀರೂ ಕಲ್ಲಿನ ತಿಳಿನೀರೂ ಉಂಟು. ಒಂದರಲ್ಲಿ ಸುಖವಾಗಿ ಬಾಳುವ ಮೀನು ಇನ್ನೊಂದರಲ್ಲಿ ಬಾಳಬೇಕೆಂಬ ನಿಯಮವಿಲ್ಲ.

ಇವೆರಡನ್ನೂ ಕೂಡಿಸುವ ದೊಡ್ಡ ಹೊಳೆಯು ಮಲಪ್ರಭೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಪಡುವಣ ಸಮುದ್ರಕ್ಕೆ ಸಮೀಪದಲ್ಲಿಯೇ ಹುಟ್ಟಿದರೂ ಅದು ಸಮುದ್ರಕ್ಕೆ ಬೆನ್ನುಮಾಡಿ ಮೂಡಣಕ್ಕೆ ಹರಿಯುತ್ತದೆ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಗುಡ್ಡವನ್ನು ಸೀಳಿಕೊಂಡು, ನರಗುಂದದ ಕೊಣ್ಣೂರು, ರೋಣದ ಹೊಳೆಆಲೂರುಗಳನ್ನು ಹಾದು, ಪಟ್ಟದಕಲ್ಲಿನಲ್ಲಿ ಉತ್ತರವಾಹಿನಿಯಾಗಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವುದು. ಆದುದರಿಂದ ಮೀನಿನ ಲೆಕ್ಕದಲ್ಲಿ ಈ ಸೀಮೆಯು ಕೃಷ್ಣೆಯ ಮನೆತನಕ್ಕೆ ಸೇರಿದುದು.

ಒಂದು ಜಾತಿ ಎರಡಾಗುವ ಕ್ರಮ

ಹಕ್ಕಿಗೆ ಗುಡ್ಡವು ಅಡ್ಡಿಯಲ್ಲ, ನರಿಗೆ ಹಳ್ಳವು ಅಡ್ಡಿಯಲ್ಲ. ಮೀನಿಗಾದರೋ ನೀರೇ ದಾರಿ. ನೀರು ಎಲ್ಲಿ ಮುಗಿಯಿತೋ ಅಲ್ಲಿಗೆ ಅದರ ಲೋಕವು ಮುಗಿಯಿತು. ಎರಡು ಹಳ್ಳಗಳ ನಡುವಿನ ದಿಣ್ಣೆಯು ಮನುಷ್ಯನು ಅರ್ಧ ಗಳಿಗೆಯಲ್ಲಿ ದಾಟುವಷ್ಟೇ ಇದ್ದರೂ, ಕೆಲವೇ ಜಾತಿಗಳನ್ನು ಬಿಟ್ಟರೆ ಮಿಕ್ಕ ಮೀನುಗಳಿಗೆ ಅದು ದಾಟಲಾಗದ ಕೋಟೆ. ಹಾಗೆಯೇ ಎತ್ತರದ ಜಲಪಾತವೂ ಒಂದು ಗೋಡೆ. ಘಟಪ್ರಭೆಯು ಗೋಕಾಕದಲ್ಲಿ ಸುಮಾರು ೧೭೦ ಅಡಿಗಳ ಕಲ್ಲಿನ ಅಂಚಿನಿಂದ ಧುಮುಕುತ್ತದೆ. ಕೆಳಗಿನ ಮೀನು ಅದನ್ನು ಏರಿಹೋಗುವುದೆಂಬ ಮಾತೇ ಇಲ್ಲ.

ಇಂತಹ ಅಡ್ಡಿಯಿಂದ ಒಂದು ಜಾತಿಯ ಮೀನುಗಳು ಎರಡು ಗುಂಪುಗಳಾಗಿ ಒಡೆದವೆನ್ನೋಣ. ಆಗ ಒಂದರ ಮರಿಗಳು ಇನ್ನೊಂದರ ಮರಿಗಳೊಡನೆ ಕೂಡುವ ಸಂಭವವಿಲ್ಲ. ಪ್ರತಿ ತಲೆಮಾರಿನಲ್ಲಿಯೂ ಹುಟ್ಟುವ ಸಣ್ಣಪುಟ್ಟ ವ್ಯತ್ಯಾಸಗಳು ಆಯಾ ಗುಂಪಿನೊಳಗೇ ಉಳಿಯುತ್ತವೆ. ಕೆಸರುನೀರಿನಲ್ಲಿ ಮೀಸೆ ಉದ್ದವಾದುದು ಬದುಕುವುದು. ರಭಸದ ನೀರಿನಲ್ಲಿ ಕಲ್ಲನ್ನು ಅಪ್ಪಿ ಹಿಡಿಯಬಲ್ಲ ಚಪ್ಪಟೆ ಹೊಟ್ಟೆಯದು ಬದುಕುವುದು. ಸಾವಿರಾರು, ಬಹುಮಟ್ಟಿಗೆ ಲಕ್ಷಾಂತರ ತಲೆಮಾರುಗಳು ಕಳೆದ ಮೇಲೆ ಎರಡು ಗುಂಪುಗಳು ಮತ್ತೆ ಒಂದೆಡೆ ಬಂದರೂ ಒಂದನ್ನೊಂದು ಬೆರೆಯಲಾರದಷ್ಟು ಬೇರೆಯಾಗಬಹುದು. ಆಗ ಹೊಸ ಜಾತಿಯು ಹುಟ್ಟಿತೆಂದು ಹೇಳುತ್ತಾರೆ.

ಇದಕ್ಕೆ ಒಕ್ಕಲುತನದಲ್ಲಿಯೇ ದೃಷ್ಟಾಂತವುಂಟು. ಬೀಜಕ್ಕೆಂದು ಬೆಳೆದ ಹತ್ತಿಯನ್ನು ಬೇರೆ ತಳಿಯ ಹತ್ತಿಯಿಂದ ದೂರವಿರಿಸದಿದ್ದರೆ ಬೀಜವು ಬೆರಕೆಯಾಗುವುದು. ಖಿಲಾರಿ ಎತ್ತು ಚುರುಕಾದ ನಡಿಗೆಗೂ, ಕೃಷ್ಣಾತೀರದ ಎತ್ತು ಎರೆಯ ಭಾರದ ಎಳೆತಕ್ಕೂ ಹೆಸರಾದುದು, ಆಯಾ ಸೀಮೆಯ ಜನರು ತಮ್ಮ ನೆಲಕ್ಕೆ ಒಪ್ಪುವ ಹೋರಿಯನ್ನೇ ಆರಿಸಿ ಕಾಪಾಡಿದುದರಿಂದ. ಎತ್ತಿನ ವಿಷಯದಲ್ಲಿ ಆರಿಸಿದವನೂ ಬೇರೆಯಿಟ್ಟವನೂ ರೈತನು. ಮೀನಿನ ವಿಷಯದಲ್ಲಿ ಬೇರೆಯಿಟ್ಟುದು ಕಲ್ಲು, ಆರಿಸಿದುದು ನೀರು.

ಭೂಖಂಡಗಳ ಚಲನೆಯಿಂದ ಆದ ಬದಲಾವಣೆ

ನೆಲವು ಮೀನುಗಳನ್ನು ಬೇರ್ಪಡಿಸುವ ಕೆಲಸವು ಕೆಲವೊಮ್ಮೆ ಬಹು ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಭಾರತದ ಭೂಭಾಗವು ಸುಮಾರು ೮.೮ ಕೋಟಿ ವರ್ಷಗಳ ಹಿಂದೆ ಮಡಗಾಸ್ಕರದಿಂದ ಕಳಚಿಕೊಂಡು ಉತ್ತರಕ್ಕೆ ತೇಲಿತು. ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ದಖ್ಖನದ ಮೇಲೆ ಕರಗಿದ ಕಲ್ಲು ಹೊರಚೆಲ್ಲಿ ಕರಿಕಲ್ಲಿನ ಪದರಗಳು ಹಾಸಿದವು. ಸುಮಾರು ೫ ಕೋಟಿ ವರ್ಷಗಳ ಹಿಂದೆ ಈ ಭೂಭಾಗವು ಏಷ್ಯಾ ಖಂಡವನ್ನು ತಾಗಿತು. ಇಂದು ಕೃಷ್ಣೆಯಲ್ಲಿ ಹೆಚ್ಚಾಗಿರುವ ಗೆಂಡೆ ಕುಲದ ಮೀನುಗಳ ಪೂರ್ವಜರು ಆ ಮೇಲೆ ಏಷ್ಯಾದ ಕಡೆಯಿಂದ ಬಂದವೆಂದು ವಿದ್ವಾಂಸರ ಅಭಿಪ್ರಾಯ. ದಕ್ಷಿಣ ಕನ್ನಡದ ನೇತ್ರಾವತಿಯಲ್ಲಿರುವ ಎಟ್ರೋಪ್ಲಸ್ ಕೆನರೆನ್ಸಿಸ್ ಎಂಬ ಮೀನಿನ ಬಂಧುಗಳಾದರೋ ಮಡಗಾಸ್ಕರದಲ್ಲಿಯೂ ಇವೆ. ಅವು ಭೂಭಾಗದೊಡನೆಯೇ ತೇಲಿಬಂದವೋ ಸಮುದ್ರವನ್ನು ದಾಟಿಬಂದವೋ ಎಂಬ ವಿಚಾರದಲ್ಲಿ ಒಮ್ಮತವಿಲ್ಲ.

ಹಿಮಾಲಯದ ರಭಸದ ತೊರೆಗಳ ಮೀನುಗಳಿಗೆ ಹೋಲುವ ಮೀನುಗಳು ನಡುವೆ ಎಲ್ಲಿಯೂ ಇಲ್ಲದೆ ಸಹ್ಯಾದ್ರಿಯಲ್ಲಿ ಹೇಗೆ ಬಂದವೆಂಬ ಪ್ರಶ್ನೆಯನ್ನು ಸುಂದರಲಾಲ ಹೋರಾ ಅವರು ೧೯೪೦ರ ದಶಕದಲ್ಲಿ ಎತ್ತಿದರು. ಹಿಂದೆ ಸಾತ್ಪುರದ ಬೆಟ್ಟಸಾಲಿನ ಮೂಲಕ ಅವು ಪಶ್ಚಿಮಕ್ಕೆ ಬಂದು ದಕ್ಷಿಣಕ್ಕೆ ಇಳಿದವೆಂದು ಅವರು ಊಹಿಸಿದರು. ಈ ಊಹೆಯನ್ನು ಎಲ್ಲರೂ ಒಪ್ಪಿಲ್ಲವಾದರೂ, ಮೀನಿನ ಚರಿತ್ರೆಯನ್ನು ಬೆಟ್ಟಗಳ ಚರಿತ್ರೆಯೊಡನೆ ಇರಿಸಿ ಓದಬೇಕೆಂಬ ಅವರ ರೀತಿಯು ಸ್ಥಿರವಾಗಿ ನಿಂತಿದೆ.

ಸಹ್ಯಾದ್ರಿಯ ನೆತ್ತಿಯೇ ಈ ಸೀಮೆಯ ಹೊಳೆಗೆ ಸಂಬಂಧಿಸಿದ ದೊಡ್ಡ ಗೋಡೆಯಾಗಿದೆ. ಖಾನಾಪುರ ತಾಲೂಕಿನಲ್ಲಿಯೇ ಮಲಪ್ರಭೆಯೂ ಹುಟ್ಟುತ್ತದೆ, ಮಹದಾಯಿಯೂ ಹುಟ್ಟುತ್ತದೆ. ಮೊದಲನೆಯದು ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ, ಎರಡನೆಯದು ಗೋವೆಯ ಮೂಲಕ ಅರಬ್ಬೀ ಸಮುದ್ರಕ್ಕೆ ಹೋಗುವುದು. ಕಡಿದಾದ ಇಳಿಜಾರಿನ ಪಡುವಣ ತೊರೆಗಳು ತಲೆಯ ಕಡೆಗೆ ಕೊರೆಯುತ್ತ ಬಂದು, ಮೂಡಣಕ್ಕೆ ಹರಿಯುತ್ತಿದ್ದ ತೊರೆಯ ಮೇಲ್ಭಾಗವನ್ನು ಕೆಲವೊಮ್ಮೆ ತಮ್ಮ ಕಡೆಗೆ ತಿರುಗಿಸಿಕೊಳ್ಳುವುದುಂಟು. ಇದಕ್ಕೆ ನದಿಯ ಅಪಹರಣವೆಂದು ಹೆಸರು. ಆಗ ಆ ತೊರೆಯ ಮೀನುಗಳು ತಾವು ಕದಲದೆಯೇ ಬೇರೆ ನದಿಗೆ ಸೇರಿಹೋಗುತ್ತವೆ. ನ್ಯೂಜಿಲೆಂಡಿನ ನೆವಿಸ್ ಎಂಬ ಹೊಳೆಯು ಹಿಂದೆ ಮಟೌರಾ ನದಿಗೆ ಹರಿಯುತ್ತಿದ್ದುದು, ಈಗ ಕ್ಲೂಥಾ ನದಿಗೆ ಹರಿಯುತ್ತದೆ. ಅದರ ಮೀನಿನ ವಂಶವನ್ನು ಪರೀಕ್ಷಿಸಿದಾಗ ಹಳೆಯ ನದಿಯ ಸಂಬಂಧವೇ ಗೋಚರವಾಯಿತು. ನೀರು ಮರೆತ ದಾರಿಯನ್ನು ಮೀನಿನ ರಕ್ತವು ಮರೆಯಲಿಲ್ಲ.

ಭೂಕಂಪವಿಲ್ಲದೆಯೂ ಜಾತಿ ಒಡೆಯುವುದು

ದಖ್ಖನದ ನೆಲವು ಬಹುಕಾಲದಿಂದ ಶಾಂತವಾಗಿದೆ. ಇಲ್ಲಿ ಹೊಸ ಬೆಟ್ಟಗಳು ಏಳುತ್ತಿಲ್ಲ. ಹೀಗಿರಲು ಇಲ್ಲಿ ಭೂಗರ್ಭವು ಮೀನುಗಳ ಮೇಲೆ ಯಾವ ಪರಿಣಾಮವನ್ನು ಮಾಡೀತು ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರವು ಅಮೆರಿಕದ ಟೆನೆಸೀ ನದಿಯಿಂದ ದೊರೆತಿದೆ. ಅಲ್ಲಿನ ಅಪಲೇಚಿಯನ್ ಪರ್ವತಗಳೂ ಬಹುಕಾಲದಿಂದ ಶಾಂತವಾದವು. ಆ ನದಿಯ ಕೆಲವು ಉಪನದಿಗಳಲ್ಲಿ ಹಸಿರು ರೆಕ್ಕೆಯ ಡಾರ್ಟರ್ ಎಂಬ ಕಿರುಮೀನು ಇದೆ. ೨೦೨೩ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಈ ಮೀನು ಒಂದು ಬಗೆಯ ಗಟ್ಟಿ ರೂಪಾಂತರ ಶಿಲೆಯ ಮೇಲೆ ಹರಿಯುವ ತೊರೆಗಳಲ್ಲಿ ಮಾತ್ರ ಬಾಳುವುದೆಂದು ಕಂಡುಬಂತು. ಆ ಶಿಲೆಯ ಮೇಲಿನ ತೊರೆಯು ಕಡಿದಾಗಿದ್ದು, ದೊಡ್ಡ ಹರಳುಗಳಿಂದಲೂ ತಿಳಿನೀರಿನಿಂದಲೂ ಕೂಡಿರುವುದು. ನದಿಯು ಲಕ್ಷಾಂತರ ವರ್ಷ ಕೊರೆದು ಗಟ್ಟಿ ಪದರವನ್ನು ದಾಟಿ ಕೆಳಗಿನ ಮೆತ್ತನೆಯ ಪದರಗಲ್ಲನ್ನು ಮುಟ್ಟಿದಾಗ, ಅಲ್ಲಿ ನೀರು ನಿಧಾನವಾಗಿ ತಳವು ನುಣ್ಣನೆಯ ಕೆಸರಾಯಿತು. ಆ ಭಾಗವು ಮೀನಿಗೆ ಒಗ್ಗದೆ ಹೋಯಿತು. ಗಟ್ಟಿ ಶಿಲೆ ಉಳಿದ ಉಪನದಿಗಳಲ್ಲಿ ಮಾತ್ರ ಮೀನುಗಳು ನಿಂತು, ಒಂದನ್ನೊಂದು ಸೇರಲಾರದೆ, ಒಂದೇ ಜಾತಿಯೊಳಗೆ ಬೇರೆಬೇರೆ ಕವಲುಗಳಾದವು.

ಇದರ ಅರ್ಥವೇನೆಂದರೆ, ಎರಡು ನೀರುಗಳ ನಡುವೆ ಗುಡ್ಡವು ಏಳಲೇಬೇಕೆಂಬುದಿಲ್ಲ, ನೀರು ಕಡಿಯಲೇಬೇಕೆಂಬುದೂ ಇಲ್ಲ. ಹಳ್ಳವು ಅಖಂಡವಾಗಿ ಹರಿಯುತ್ತಿದ್ದರೂ ತಳದ ಕಲ್ಲು ಬದಲಾದರೆ ಸಾಕು, ಅದು ಮೀನಿಗೆ ಗೋಡೆಯಾಗಬಹುದು. ಮರಳುಗಲ್ಲು, ಹಳೆಯ ಗಟ್ಟಿಶಿಲೆ, ಎರೆ ಈ ಮೂರೂ ಒಂದರ ಮಗ್ಗುಲಲ್ಲಿ ಒಂದು ಇರುವ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಅಂತಹ ಗೋಡೆಗಳಿಗೆ ಬೇಕಾದ ಸಾಮಗ್ರಿಯೆಲ್ಲವೂ ಇದೆ. ಗುಡ್ಡದ ಕೊರಕಲಿನ ಕಿರುಮೀನನ್ನು ಬಯಲಿನ ಹಳ್ಳದ ಮೀನೇ ಎಂದು ಪರೀಕ್ಷೆಯಿಲ್ಲದೆ ಎಣಿಸಬಾರದು.

ಹತ್ತಿರದ ನಿದರ್ಶನ: ದೇವಸ್ಥಾನದ ಕೊಳದ ಮೀನು

ಮಲಪ್ರಭೆಯ ನೆರೆಯ ಹೊಳೆಯಾದ ಘಟಪ್ರಭೆಗೆ ಹಿರಣ್ಯಕೇಶಿ ಎಂಬ ಉಪನದಿಯುಂಟು. ಸಂಕೇಶ್ವರದ ಮೇಲೆ ಹರಿಯುವ ಈ ಹೊಳೆಯು ಮಹಾರಾಷ್ಟ್ರದ ಆಂಬೋಲಿಯ ಗುಡ್ಡದಲ್ಲಿ, ಒಂದು ಮಹಾದೇವ ದೇವಸ್ಥಾನದ ಬಳಿ ಕಲ್ಲಿನ ಸಂದಿನಿಂದ ಹೊರಡುತ್ತದೆ. ಆ ದೇವಸ್ಥಾನದ ಕೊಳದಲ್ಲಿಯೂ ತೊರೆಯಲ್ಲಿಯೂ ಬೆರಳಿನಷ್ಟೂ ಉದ್ದವಿಲ್ಲದ ಒಂದು ಬಣ್ಣದ ಮೀನು ಇತ್ತು. ಪೂಜೆಗೆ ಬಂದವರೆಲ್ಲರೂ ಅದನ್ನು ನೋಡಿದ್ದರು. ಅದು ಲೋಕದಲ್ಲಿ ಬೇರೆಲ್ಲಿಯೂ ಕಾಣದ ಜಾತಿಯೆಂದು ಯಾರೂ ಎಣಿಸಿರಲಿಲ್ಲ. ೨೦೨೦ರಲ್ಲಿ ವಿದ್ವಾಂಸರು ಅದನ್ನು ಪರೀಕ್ಷಿಸಿ ಶಿಸ್ಟೂರಾ ಹಿರಣ್ಯಕೇಶಿ ಎಂದು ಹೆಸರಿಟ್ಟರು. ೨೦೨೧ರಲ್ಲಿ ಮಹಾರಾಷ್ಟ್ರ ಸರಕಾರವು ಆ ಸ್ಥಳವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸಾರಿತು.

ಈ ಮೀನು ಅಷ್ಟು ಚಿಕ್ಕ ಸ್ಥಳದಲ್ಲಿ ಉಳಿದುದಕ್ಕೆ ಕಾರಣವನ್ನು ನೆಲದಲ್ಲಿಯೇ ಹುಡುಕಬೇಕು. ಕಲ್ಲಿನ ಪದರವು ಮಳೆನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿಯೂ ತಣ್ಣನೆಯ ತಿಳಿನೀರನ್ನು ಕೊಡುವುದು. ಕೆಳಗಿನ ಹೊಳೆಯು ಬೇರೆ ಗುಣದ್ದು. ಇಂತಹ ಊಟೆಯ ಕೊಳಗಳು ಈ ಸೀಮೆಯಲ್ಲಿಯೂ ಉಂಟು. ಅವುಗಳಲ್ಲೆಲ್ಲ ಹೊಸ ಮೀನು ಇರುವುದೆಂದು ಇದರಿಂದ ಹೇಳಿದಂತಾಗಲಿಲ್ಲ. ಆದರೆ ಅವುಗಳನ್ನು ನೋಡದೆ, ಪರೀಕ್ಷಿಸದೆ, ಹೊರಗಿನ ಮೀನು ಬಿಟ್ಟು ಅಥವಾ ಔಷಧ ಸುರಿದು ಕೆಡಿಸುವುದು ಬುದ್ಧಿವಂತಿಕೆಯಲ್ಲ.

ಕಲ್ಲಿನೊಳಗಿನ ನೀರಿನಲ್ಲಿಯೂ ಮೀನು ಬಾಳುವುದುಂಟು. ಕೇರಳದಲ್ಲಿ ಜಂಬಿಟ್ಟಿಗೆ ಕಲ್ಲು ಸಚ್ಛಿದ್ರವಾಗಿದ್ದು, ಅದರ ರಂಧ್ರಗಳಲ್ಲಿ ನೆಲದಡಿಯ ನೀರು ತುಂಬಿರುತ್ತದೆ. ಕೊಟ್ಟಾಯಂ ಕಡೆಯ ಬಾವಿಗಳಿಂದ ದೊರೆತ ಕಣ್ಣಿಲ್ಲದ ಒಂದು ಮೀನನ್ನು ೧೯೫೦ರಲ್ಲಿ ವರ್ಣಿಸಿ, ಹೋರಾ ಅವರ ಗೌರವಾರ್ಥವಾಗಿ ಅದರ ಕುಲಕ್ಕೆ ಹೊರಾಗ್ಲಾನಿಸ್ ಎಂದು ಹೆಸರಿಡಲಾಯಿತು. ೨೦೧೮ರಲ್ಲಿ ಮಲಪ್ಪುರಂ ಜಿಲ್ಲೆಯ ಒಂದು ಭತ್ತದ ಗದ್ದೆಯಲ್ಲಿ, ಮಹಾಮಳೆಯ ಬಳಿಕ, ಹಾವಿನಂತಹ ಉದ್ದನೆಯ ಒಂದು ಮೀನು ಕಾಣಿಸಿತು. ಅದನ್ನು ೨೦೧೯ರಲ್ಲಿ ಹೊಸ ಜಾತಿಯೆಂದೂ, ೨೦೨೦ರಲ್ಲಿ ಬೇರೆ ಮನೆತನವೇ ಆದುದೆಂದೂ ನಿರ್ಣಯಿಸಿದರು. ಬಾವಿ ಸೇದುವವರು, ಗದ್ದೆ ಉಳುವವರು ತಮಗೆ ಕಂಡ ವಿಚಿತ್ರವನ್ನು ಎಸೆಯದೆ ತಿಳಿದವರಿಗೆ ತೋರಿಸಿದರೆ ಎಷ್ಟು ಪ್ರಯೋಜನವೆಂಬುದಕ್ಕೆ ಇದು ಸಾಕ್ಷಿ.

ಬೇರೆಯಾದುದನ್ನು ಬೆರೆಸಿದರೆ ಆಗುವ ಹಾನಿ

ಕೃಷ್ಣೆಯ ಮತ್ತು ಕಾವೇರಿಯ ನೀರುಗಳ ನಡುವೆ ಒಂದು ದಿಣ್ಣೆಯ ಸಾಲು ಇದೆ. ಚಿಕ್ಕಮಗಳೂರಿನ ಮಲೆಗಳಲ್ಲಿ ಭದ್ರೆಯೂ ಹೇಮಾವತಿಯೂ ಬಹುದೂರವಲ್ಲದ ಸ್ಥಳಗಳಲ್ಲಿ ಹುಟ್ಟುತ್ತವೆ. ಆದರೆ ಒಂದು ತುಂಗಭದ್ರೆಯ ಮೂಲಕ ಕೃಷ್ಣೆಗೂ, ಇನ್ನೊಂದು ಕಾವೇರಿಗೂ ಸೇರುವುದು. ಈ ದಿಣ್ಣೆಯ ಎರಡು ಕಡೆಗಳಲ್ಲಿ ಮಹಶೀರ್ ಎಂಬ ದೊಡ್ಡ ಮೀನು ಎರಡು ಜಾತಿಗಳಾಗಿದೆ. ಕೃಷ್ಣೆಯ ಮೇಲ್ಭಾಗದ ನೀಲಿ ರೆಕ್ಕೆಯ ಮಹಶೀರನ್ನು ಕರ್ನಲ್ ಸೈಕ್ಸ್ ಎಂಬವನು ಪುಣೆಯ ಬಳಿಯ ಹೊಳೆಯಿಂದ ಹಿಡಿದು ೧೮೩೯ರಲ್ಲಿ ವರ್ಣಿಸಿದನು. ಕಾವೇರಿಯದು ಬೆನ್ನಿನ ಮೇಲೆ ಗೂನು ಇರುವ ಭಾರಿ ಮಹಶೀರ್. ೧೯೪೬ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಒಂದು ಮೀನು ೧೨೦ ಪೌಂಡು ತೂಗಿತ್ತು.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ನೀಲಿ ರೆಕ್ಕೆಯ ಮಹಶೀರಿನ ಮರಿಗಳನ್ನು ಸಾಕಿ, ಮೀನಿನ ಸಂತತಿಯನ್ನು ಹೆಚ್ಚಿಸಬೇಕೆಂಬ ಸದುದ್ದೇಶದಿಂದ ಕಾವೇರಿಯಲ್ಲಿಯೂ ಬಿಟ್ಟರು. ಎರಡೂ ಮಹಶೀರೇ ಅಲ್ಲವೆ ಎಂಬ ಭಾವನೆಯು ಆಗ ಇತ್ತು. ಹೊಸದು ಹೆಚ್ಚಿತು, ಗೂನುಬೆನ್ನಿನದು ಇಳಿಯಿತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದುಗಳೂ ಅದರ ಕೇಡಿಗೆ ಸೇರಿಕೊಂಡವು. ಅದಕ್ಕೆ ಟಾರ್ ರೆಮದೇವಿ ಎಂಬ ಸರಿಯಾದ ಶಾಸ್ತ್ರೀಯ ಹೆಸರು ಗೊತ್ತಾದುದು ೨೦೧೮ರಲ್ಲಿ. ಅಷ್ಟರೊಳಗೆ ಅದು ಅಳಿವಿನ ಅಂಚಿಗೆ ಬಂದಿತ್ತು. ಅದೇ ವರ್ಷ ಅದನ್ನು ತೀವ್ರ ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಿದರು. ಬೇಡವೆಂದು ಕೊಂದವರು ಯಾರೂ ಇಲ್ಲ. ಎರಡು ನದಿಗಳ ನಡುವೆ ನೆಲವು ಎಳೆದ ಗೆರೆಯನ್ನು ಲೆಕ್ಕಕ್ಕೆ ತಾರದೆ ಮೀನು ಬಿಟ್ಟುದೇ ಹಾನಿಗೆ ದೊಡ್ಡ ಕಾರಣಗಳಲ್ಲೊಂದಾಯಿತು.

ಪರದೇಶದ ನಿದರ್ಶನವು ಇನ್ನೂ ಕಠೋರವಾದುದು. ಆಫ್ರಿಕದ ವಿಕ್ಟೋರಿಯಾ ಸರೋವರವು ಸುಮಾರು ೧೫,೦೦೦ ವರ್ಷಗಳ ಹಿಂದೆ ಒಣಗಿ, ಮತ್ತೆ ತುಂಬಿ, ಅಲ್ಪಕಾಲದಲ್ಲಿಯೇ ಸುಮಾರು ೫೦೦ ಜಾತಿಯ ಮೀನುಗಳಿಗೆ ತವರಾಗಿತ್ತು. ೧೯೫೦ರ ದಶಕದಿಂದ ಅದರಲ್ಲಿ ನೈಲ್ ಪರ್ಚ್ ಎಂಬ ಬೇಟೆಗಾರ ಮೀನನ್ನು ಬಿಟ್ಟ ಬಳಿಕ ಸುಮಾರು ೨೦೦ ಜಾತಿಗಳು ಕಾಣದಾದವೆಂದು ಲೆಕ್ಕಹಾಕಿದ್ದಾರೆ. ಭಾರತದಲ್ಲಿಯೂ ಸೊಳ್ಳೆಯ ನಿವಾರಣೆಗೆಂದು ೧೯೨೮ರಲ್ಲಿ ತಂದ ಗ್ಯಾಂಬೂಸಿಯಾ, ೧೯೫೨ರಲ್ಲಿ ತಂದ ತಿಲಾಪಿಯಾ ಇವೆರಡೂ ಈಗ ದೇಶದ ಅನೇಕ ನೀರುಗಳಲ್ಲಿ ಹರಡಿವೆ. ಇವು ಊರಮೀನಿನ ಮೊಟ್ಟೆಮರಿಗಳನ್ನು ತಿನ್ನುವುದರಿಂದಲೂ ಮೇವನ್ನು ಕಸಿಯುವುದರಿಂದಲೂ ಬಹಳ ಕೇಡಾಗಿದೆ.

ಈ ಸೀಮೆಯಲ್ಲಿ ಬೆರಕೆಯ ದಾರಿಗಳು ಮೂರು. ಮೊದಲನೆಯದು ಕೆರೆ ಮತ್ತು ಕೃಷಿಹೊಂಡಗಳಿಗೆ ತರುವ ಮರಿ. ಎರಡನೆಯದು ನೆರೆ. ೨೦೧೯ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆಯೂ ಬೆಣ್ಣೆಹಳ್ಳವೂ ಉಕ್ಕಿ ಕೊಣ್ಣೂರು, ಹೊಳೆಆಲೂರು ಮೊದಲಾದ ಊರುಗಳು ಮುಳುಗಿದುದು ಎಲ್ಲರ ನೆನಪಿನಲ್ಲಿದೆ. ಅಂತಹ ನೆರೆಯಲ್ಲಿ ಹೊಂಡವು ಹೊಳೆಯೊಡನೆ ಒಂದಾದರೆ ಹೊಂಡದ ಮೀನೆಲ್ಲ ಹೊಳೆಯ ಪಾಲು. ಮೂರನೆಯದು ಕಾಲುವೆ. ನೀರು ಒಂದು ನದಿಯ ಎಲ್ಲೆಯಿಂದ ಇನ್ನೊಂದರ ಎಲ್ಲೆಗೆ ಬಂದರೆ ಅದರೊಡನೆ ಮೊಟ್ಟೆಯೂ ಮರಿಯೂ ಬರುವುವು. ಮಹದಾಯಿಯ ಕಳಸಾ ಮತ್ತು ಬಂಡೂರಿ ತೊರೆಗಳ ನೀರನ್ನು ಮಲಪ್ರಭೆಗೆ ತರಬೇಕೆಂದು ನರಗುಂದದ ರೈತರು ೨೦೧೫ರಿಂದ ದೀರ್ಘಕಾಲ ಹೋರಾಟ ನಡೆಸಿದರು. ನೀರಿನ ಹಕ್ಕಿನ ವಿಚಾರವು ಈ ಲೇಖನಕ್ಕೆ ಸೇರಿದುದಲ್ಲ. ಆದರೆ ಅಂತಹ ಯಾವ ಕಾಮಗಾರಿಯಲ್ಲಿಯಾದರೂ, ನೀರಿನೊಡನೆ ಎರಡು ಸಮುದ್ರಗಳ ಕಡೆಯ ಮೀನುಗಳು ಬೆರೆಯುವ ಸಂಭವವನ್ನು ಮೊದಲೇ ಎಣಿಸಿ, ತಕ್ಕ ಜಾಲರಿ ಮತ್ತು ತಪಾಸಣೆಯ ಏರ್ಪಾಟನ್ನು ಕೇಳುವುದು ಊರಿನ ಹಿರಿಯರಿಗೆ ಉಚಿತವಾದ ಕೆಲಸ.

ಗ್ರಾಮಮುಖಂಡರು ಮತ್ತು ಜಮೀನುದಾರರು ಮಾಡತಕ್ಕ ಕೆಲಸಗಳು

೧.  ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಮೂಲತಃ ಉತ್ತರದ ಗಂಗೆ ಮೊದಲಾದ ನದಿಗಳವು. ಇವನ್ನು ಸಾಕುವುದು ಲಾಭಕರವೇ ಸರಿ. ಆದರೆ ಹೊರಹರಿವಿಲ್ಲದ ಕೃಷಿಹೊಂಡ ಮತ್ತು ಕೆರೆಗಳಲ್ಲಿ ಮಾತ್ರ ಸಾಕತಕ್ಕದ್ದು. ಹಳ್ಳಕ್ಕೂ ಹೊಳೆಗೂ ಬಿಡಕೂಡದು.

೨.  ಮರಿಗಳನ್ನು ಮೀನುಗಾರಿಕೆ ಇಲಾಖೆಯ ಪಾಲನಾಕೇಂದ್ರದಿಂದ ಅಥವಾ ಅದು ಒಪ್ಪಿದ ಸ್ಥಳದಿಂದಲೇ ತರಬೇಕು. ಬೇರೆ ಹೊಳೆಯಲ್ಲಿ ಹಿಡಿದ ಮೀನನ್ನು ಕೊಡದಲ್ಲಿ ತಂದು ಬಿಡುವ ವಾಡಿಕೆಯನ್ನು ನಿಲ್ಲಿಸಬೇಕು.

೩.  ಕೆರೆಯ ತೂಬಿಗೂ ಕೋಡಿಗೂ ಸಣ್ಣ ಕಣ್ಣಿನ ಜಾಲರಿ ಕಟ್ಟಿಸಿ, ಮಳೆಗಾಲಕ್ಕೆ ಮುನ್ನ ಸರಿಪಡಿಸಬೇಕು. ನೆರೆ ಮುಟ್ಟುವ ತಗ್ಗಿನಲ್ಲಿ ಮೀನಿನ ಹೊಂಡವನ್ನು ತೋಡಬಾರದು.

೪.  ಆಫ್ರಿಕದ ಕ್ಯಾಟ್‌ಫಿಶ್ ಸಾಕಣೆಯನ್ನು ಸರಕಾರವು ನಿಷೇಧಿಸಿದೆ. ಇದು ಬೇಗ ಬೆಳೆಯುವುದೆಂದು ಹೇಳಿ ಮಾರಲು ಬಂದವರಿಗೆ ಊರಿನಲ್ಲಿ ಎಡೆಗೊಡಬಾರದು. ಗಾಜಿನ ತೊಟ್ಟಿಯಲ್ಲಿ ಸಾಕಿದ ಅಲಂಕಾರದ ಮೀನು ಬೇಸರವಾದಾಗ ಅದನ್ನು ಕೆರೆಬಾವಿಗಳಿಗೆ ಬಿಡದಂತೆ ಮಕ್ಕಳಿಗೂ ತಿಳಿಹೇಳಬೇಕು.

೫.  ಗುಡ್ಡದ ಊಟೆಗಳು, ದೇವಸ್ಥಾನದ ಕೊಳಗಳು, ಸೂಡಿಯ ನಾಗಕುಂಡದಂತಹ ಹಳೆಯ ಹೊಂಡಗಳು, ಇವುಗಳ ಹೂಳು ತೆಗೆಸುವ ಮೊದಲು ಅಲ್ಲಿರುವ ಮೀನುಗಳನ್ನು ನೋಡಿ, ಒಂದು ಭಾಗದ ನೀರನ್ನು ಉಳಿಸಿಕೊಂಡು ಕೆಲಸ ನಡೆಸಬೇಕು. ಕಲ್ಲಿನ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಬಾರದು. ಬ್ಲೀಚಿಂಗ್ ಪುಡಿಯನ್ನು ಕೈಗೆ ಬಂದಷ್ಟು ಸುರಿಯಬಾರದು.

೬.  ಮುಂಗಾರಿನ ಹೊಸನೀರಿನಲ್ಲಿ ಮೀನುಗಳು ಮೊಟ್ಟೆಯಿಡಲು ಮೇಲಕ್ಕೇರುತ್ತವೆ. ಆ ತಿಂಗಳುಗಳಲ್ಲಿ ಹಳ್ಳದ ಹರಳು, ಮರಳುಗಳನ್ನು ತೆಗೆಯದಿರುವುದೂ ಅಡ್ಡಬಲೆ ಕಟ್ಟದಿರುವುದೂ ಒಳ್ಳೆಯದು. ಹರಳು ಹೋದರೆ ಕಲ್ಲಿನ ಮೀನಿಗೆ ಮನೆಯೇ ಹೋದಂತೆ.

೭.  ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಕೊಲ್ಲುವುದು ೧೮೯೭ರ ಮೀನುಗಾರಿಕೆಯ ಕಾಯಿದೆಯ ಕಾಲದಿಂದಲೂ ಅಪರಾಧ. ಇದನ್ನು ಊರಿನಲ್ಲಿ ಸಾರಿಸಬೇಕು.

೮.  ೨೦೦೨ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿಯೊಂದು ಗ್ರಾಮ ಪಂಚಾಯತಿಯಲ್ಲಿಯೂ ಜೀವವೈವಿಧ್ಯ ಸಮಿತಿ ಇರತಕ್ಕದ್ದು, ಜನತಾ ಜೀವವೈವಿಧ್ಯ ದಾಖಲೆಯನ್ನು ಬರೆಯತಕ್ಕದ್ದು. ಅದರಲ್ಲಿ ಮೀನಿಗೆ ಒಂದೇ ಪುಟವನ್ನು ಕೊಟ್ಟು ಮುಗಿಸದೆ, ಹಳ್ಳಹಳ್ಳಕ್ಕೂ ಬೇರೆ ಪುಟವಿರಿಸಿ, ತಳವು ಕಲ್ಲೋ ಕೆಸರೋ, ನೀರು ತಿಳಿಯೋ ಕದಡೋ, ಯಾವ ತಿಂಗಳು ಬತ್ತುವುದು, ಯಾವ ಮೀನು ಸಿಗುವುದು, ಅದಕ್ಕೆ ಊರಿನಲ್ಲಿ ಹೇಳುವ ಹೆಸರೇನು ಎಂಬುದನ್ನು ಬರೆಸಬೇಕು. ಬಲೆ ಬೀಸುವ ಹಿರಿಯರನ್ನು ಕೇಳದೆ ಈ ದಾಖಲೆಯು ಪೂರ್ತಿಯಾಗದು.

ಹೊಲದ ಎಲ್ಲೆಯ ಕಲ್ಲನ್ನು ಕಿತ್ತವನು ನೆರೆಯವನ ಹಕ್ಕಿಗೆ ಅಪಚಾರ ಮಾಡಿದಂತೆ ಎಂದು ಹಳ್ಳಿಯಲ್ಲಿ ತಿಳಿಯುತ್ತಾರೆ. ಎರಡು ನೀರುಗಳ ನಡುವಿನ ದಿಣ್ಣೆ, ಜಲಪಾತದ ಅಂಚು, ಮರಳುಗಲ್ಲು ಮುಗಿದು ಎರೆ ತೊಡಗುವ ಗೆರೆ, ಇವೂ ಎಲ್ಲೆಯ ಕಲ್ಲುಗಳೇ. ಇವುಗಳ ಮೋಜಣಿಯು ಯಾವ ದಫ್ತರದಲ್ಲಿಯೂ ಇಲ್ಲ. ಆಯಾ ನೀರಿನ ಮೀನೇ ಅದಕ್ಕೆ ದಾಖಲೆ. ಆ ದಾಖಲೆಯನ್ನು ಕೆಡಿಸದೆ ಮುಂದಿನವರಿಗೆ ಒಪ್ಪಿಸುವುದು ನೆಲದೊಡೆಯರಾದವರ ಹೊಣೆಯಾಗಿದೆ.